ರಾಗ ಕಳಚಿ ಓದಿ, ನೋಡೋಣ

ಒಂದು ಪಂಥ ಕಟ್ಟೋಣ ಬನ್ನಿ. ನಿಮಗೆ ಬಾಯಿಪಾಠ ಬರುವ ಒಂದು ಸಿನಿಮಾ ಹಾಡನ್ನು ಆರಿಸಿಕೊಳ್ಳಿ. ರಾಜ್‌ಕುಮಾರ್ ಕಾಲದ್ದಾದರೂ ಸರಿ, ರವಿಚಂದ್ರನ್ ಕಾಲದ್ದಾದರೂ ಸರಿ, ಮೊನ್ನೆ ಮೊನ್ನೆ ಮೊಬೈಲಿನಲ್ಲಿ ಬಂದದ್ದಾದರೂ ಅಡ್ಡಿಯಿಲ್ಲ. ಈಗ ಅದನ್ನು ಹಾಡಬೇಡಿ, ಗುನುಗಬೇಡಿ. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವ ಧಾಟಿಯಲ್ಲಿ ನೆಟ್ಟಗೆ ಓದಿ. ಆಗುವುದಿಲ್ಲ, ಅಲ್ಲವೇ? ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಲೆ ಅಲ್ಲಾಡತೊಡಗುತ್ತದೆ, ಮೂರನೆಯ ಸಾಲಿಗೆ ಬೆರಳು ಮೇಜು ಕುಟ್ಟುತ್ತದೆ. ಪಲ್ಲವಿ ಮುಗಿಯಿತೋ, ಚರಣಕ್ಕೆ ಮೊದಲು ಪಿಟೀಲುಗಳೆಲ್ಲ ಸೇರಿ ಬಾರಿಸುವ ತುಣುಕನ್ನೂ ಬಾಯಲ್ಲೇ ಬಾರಿಸಿಬಿಡುತ್ತೀರಿ. ಪಂಥ ಸೋತಿರಿ.

ಈ ಪಂಥ ನನ್ನದಲ್ಲ, ನಮ್ಮ ಬೀದಿಯ ಕೊನೆಯ ಮನೆಯ ಮೇಷ್ಟ್ರದು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಸಂಜೆ ಕಾಫಿ ಲೋಟ ಹಿಡಿದು ಅವರು ಜಗಲಿಗೆ ಬಂದರೆಂದರೆ ಬೀದಿಯಲ್ಲಿ ಹೋಗುವವರಲ್ಲಿ ಎರಡು ಪಂಗಡವಾಗುತ್ತದೆ. ಅವರ ಕಣ್ಣು ತಪ್ಪಿಸಿ ಸರಸರ ಹೋಗುವವರದು ಒಂದು, ಕಣ್ಣಿಗೆ ಬೀಳಲೆಂದೇ ನಿಧಾನ ಮಾಡುವವರದು ಇನ್ನೊಂದು. ನಾನು ಎರಡನೆಯ ಪಂಗಡ. ಕಾಫಿಯ ಆಸೆಯೂ ಇದೆ, ಸುಳ್ಳೇಕೆ?

"ಸಿನಿಮಾ ಹಾಡು ಕಾವ್ಯ ಅಲ್ಲ ಕಣಯ್ಯಾ," ಎನ್ನುತ್ತಾರೆ ಮೇಷ್ಟ್ರು. "ರಾಗ ಕಳಚಿ ಪಕ್ಕಕ್ಕಿಡು. ಆಮೇಲೆ ಏನು ಉಳಿಯುತ್ತೆ ಹೇಳು. ಪ್ರೀತಿ, ರೀತಿ, ಭೀತಿ. ಇಷ್ಟೇ ತಾನೆ?"

"ರಾಗ ಕಳಚೋಕೇ ಬರಲ್ವಲ್ಲ ಮೇಷ್ಟ್ರೇ."

"ಅದೇ ನಾನೂ ಹೇಳ್ತಿರೋದು!"

ನೋಡಿ, ಅವರ ವಾದಕ್ಕೆ ಯಾವುದು ಸಾಕ್ಷಿಯೋ ನನ್ನ ವಾದಕ್ಕೂ ಅದೇ ಸಾಕ್ಷಿ. ಇಂಥ ಜಗಳ ಬೇಗ ಮುಗಿಯುವುದಿಲ್ಲ, ಮುಗಿಯಲೂಬಾರದು. ಮುಗಿದರೆ ಕಾಫಿ ನಿಲ್ಲುತ್ತದೆ.

ಅಂದ ಹಾಗೆ, ಹಾಡನ್ನು ರಾಗವಿಲ್ಲದೆ ಓದಿದ ಪುಣ್ಯಾತ್ಮರು ಒಂದು ಕಾಲದಲ್ಲಿ ಇದ್ದರು. ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದದ್ದು ನೆನಪಿದೆಯೇ? ಕೆಲವು ಪೈಸೆಯ ಪುಸ್ತಕ. ಅಂಗೈಯಗಲ, ತೆಳ್ಳಗಿನ ಕಾಗದ. ಮೇಲೆ ನಾಯಕನ ಮುಖ, ಮುಖಕ್ಕೆ ಬಳಿದ ಕೆಂಪು ಬಣ್ಣ ಗೆರೆ ದಾಟಿ ಕಿವಿಯಾಚೆಗೂ ಹರಡಿರುತ್ತಿತ್ತು. ಒಳಗೆ ಮೊದಲು ಕಥಾಸಾರಾಂಶ. ಆ ಸಾರಾಂಶ ಬರೆಯುವವರ ಜಾಣತನಕ್ಕೆ ಒಂದು ಪ್ರಶಸ್ತಿ ಇರಬೇಕಿತ್ತು. ನಾಯಕಿಯನ್ನು ನೀರಿಗೋ ಬೆಂಕಿಗೋ ನೂಕಿ, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆಯೇ ನೋಡಿ ಎಂದು ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ಹಾಡುಗಳು. ಅಚ್ಚಿನ ತಪ್ಪು ಧಾರಾಳ. ಜಾಗ ಸಾಲದಿದ್ದರೆ ಕೊನೆಯ ಹಾಡಿನ ಕೊನೆಯ ಚರಣ ಹಿಂಬದಿಯ ರಟ್ಟಿನ ಮೇಲೆ, ಬಟ್ಟೆ ಅಂಗಡಿಯ ಜಾಹೀರಾತಿನ ಕೆಳಗೆ, ಇರುವೆಗಾತ್ರದ ಅಕ್ಷರದಲ್ಲಿ.

ಸಿನಿಮಾ ನೋಡಿ ಬಂದು ಪುಸ್ತಕ ಕೊಂಡವರು ಹಾಡುತ್ತಿದ್ದರು, ಬಿಡಿ. ಆದರೆ ಸಿನಿಮಾ ನೋಡುವ ಮುಂಚೆಯೇ ಕೊಂಡವರು? ಆಟ ಶುರುವಾಗಲು ಇನ್ನೂ ಹೊತ್ತಿದೆ, ಹಾಡನ್ನು ಒಮ್ಮೆಯೂ ಕೇಳಿಲ್ಲ, ಕೈಯಲ್ಲಿ ಬರೀ ಅಕ್ಷರ. ಮೇಷ್ಟ್ರ ಪರೀಕ್ಷೆಗೆ ನ್ಯಾಯವಾಗಿ ಕೂರಬಲ್ಲವರು ಅವರೊಬ್ಬರೇ. ಅವರಾದರೂ ಸುಮ್ಮನೆ ಓದಿದರೇ? ಇಲ್ಲ. ನಮ್ಮ ಸೋದರಮಾವ ಒಬ್ಬರು ಇದ್ದರು, ಪುಸ್ತಕ ಕೈಗೆ ಸಿಕ್ಕ ಕೂಡಲೇ ತಮ್ಮದೇ ರಾಗ ಹಾಕಿಬಿಡುತ್ತಿದ್ದರು. ಆಮೇಲೆ ಒಳಗೆ ಹೋಗಿ ನಿಜವಾದ ರಾಗ ಕೇಳಿ, "ಛೆ, ಕೆಡಿಸಿಟ್ಟಿದ್ದಾನೆ" ಎಂದು ಎದುರಿನ ಸೀಟಿನವರಿಗೂ ಕೇಳುವಂತೆ ಬೈಯುತ್ತಿದ್ದರು. ಸಂಗೀತ ನಿರ್ದೇಶಕ ಯಾರೇ ಆಗಲಿ, ಮಾವನ ಮೆಚ್ಚುಗೆ ಗಿಟ್ಟಿದ್ದು ನಾನು ಕಾಣೆ.

ಮೇಷ್ಟ್ರ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಕವಿಗೆ ಮೊದಲು ಭಾವ ಹುಟ್ಟುತ್ತದೆ, ಆಮೇಲೆ ಮಾತು. ಸಿನಿಮಾದಲ್ಲಿ ಮೊದಲೇ ಟ್ಯೂನ್ ಹೊಲಿದಿಟ್ಟು ಆಮೇಲೆ ಅದರೊಳಗೆ ಪದ ತುರುಕುತ್ತಾರೆ, ಅಳತೆಯ ಅಂಗಿಗೆ ಆಳು ಹುಡುಕಿದ ಹಾಗೆ, ಎಂದು. ಮಾತು ಚೆನ್ನಾಗಿದೆ. ಆದರೆ ಈ ಅಂಗಿಯ ವ್ಯಾಪಾರ ಸಿನಿಮಾದವರು ಶುರುಮಾಡಿದ್ದಲ್ಲವಲ್ಲ! ಕಂಪನಿ ನಾಟಕದ ಹಳೆಯ ಪುಸ್ತಕ ಯಾವುದಾದರೂ ಸಿಕ್ಕರೆ ತೆರೆದು ನೋಡಿ. ಹಾಡಿನ ನೆತ್ತಿಯ ಮೇಲೆ ಇಂಥ ಮಟ್ಟು ಎಂದು ಬರೆದಿರುತ್ತದೆ. ಮಟ್ಟು ಮರಾಠಿಯದೋ ಹಿಂದಿಯದೋ ಜಾವಳಿಯದೋ ಇರುತ್ತಿತ್ತು, ಮಾತು ಮಾತ್ರ ನಮ್ಮದು. 1934ರಲ್ಲಿ 'ಸತಿ ಸುಲೋಚನ' ಬಂತಲ್ಲ, ಕನ್ನಡದ ಮೊದಲ ವಾಕ್ಚಿತ್ರ, ಅದಕ್ಕೆ ಮಾತು ಹಾಡು ಎರಡನ್ನೂ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ಬಂದದ್ದೇ ರಂಗಭೂಮಿಯಿಂದ. ಅಂದರೆ ಕನ್ನಡ ಸಿನಿಮಾ ಬಾಯಿಬಿಟ್ಟ ದಿನವೇ ಅದರ ನಾಲಿಗೆಯ ಮೇಲೆ ಮಟ್ಟು ಇತ್ತು.

ಹಾಗೆ ನೋಡಿದರೆ ಛಂದಸ್ಸು ಇನ್ನೇನು? ಯಾರೋ ಮೊದಲೇ ಹೊಲಿದಿಟ್ಟ ಅಂಗಿಯೇ ತಾನೆ! ಕುಮಾರವ್ಯಾಸನಿಗೆ ಭಾಮಿನಿ ಷಟ್ಪದಿಯೇ ಟ್ಯೂನು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಆರು ಸಾಲಿನಲ್ಲಿ ಮೂರನೆಯದೂ ಆರನೆಯದೂ ಇನ್ನಷ್ಟು ಉದ್ದ, ಕೊನೆಗೊಂದು ಗುರು. ಇಷ್ಟರೊಳಗೇ ದ್ರೌಪದಿ ಅಳಬೇಕು, ಭೀಮ ಅಬ್ಬರಿಸಬೇಕು, ಕರ್ಣ ಸಾಯಬೇಕು. ಆಳು ಕುಗ್ಗಲಿಲ್ಲ, ಅಂಗಿ ಹರಿಯಲಿಲ್ಲ. ಅದನ್ನು ಗಮಕಿಗಳು ಹಾಡಿಯೇ ಊರೂರಿಗೆ ಮುಟ್ಟಿಸಿದರು. ಕುಮಾರವ್ಯಾಸನನ್ನು ರಾಗ ಕಳಚಿ ಓದು ಎಂದರೆ ಹಳ್ಳಿಯ ಅಜ್ಜಂದಿರು ನಿಮ್ಮನ್ನು ಕಟ್ಟೆಯಿಂದ ಎಬ್ಬಿಸಿಬಿಟ್ಟಾರು.

ಇದನ್ನು ಹೇಳಿದ ದಿನ ಮೇಷ್ಟ್ರು ಸುಮ್ಮನೆ ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದರು. ಬೆನ್ನು ಕಡೆ ಖಾಲಿ. "ಒಂದು ಸಿನಿಮಾ ಹಾಡು ಹೇಳು, ಪ್ರಸ್ತಾರ ಹಾಕೇ ಬಿಡೋಣ" ಎಂದರು. ಹೇಳಿದೆ. ಯಾವ ಹಾಡೆಂದು ನಿಮಗೆ ತಿಳಿಸುವುದಿಲ್ಲ. ತಿಳಿಸಿದರೆ ನೀವು ಹಾಡಲು ಶುರುಮಾಡುತ್ತೀರಿ, ಹರಟೆ ಅಲ್ಲಿಗೇ ನಿಲ್ಲುತ್ತದೆ. ಮೇಷ್ಟ್ರು ಒಂದೊಂದು ಅಕ್ಷರದ ಮೇಲೂ ಗೆರೆ ಎಳೆದರು. ಲಘುವಿಗೊಂದು ಬಾಗು, ಗುರುವಿಗೊಂದು ಅಡ್ಡಗೆರೆ. ಎಣಿಸಿದರು. ಮೂರು, ನಾಲ್ಕು, ಮೂರು, ನಾಲ್ಕು. ಕನ್ನಡಕ ತೆಗೆದು ಒರೆಸಿ ಮತ್ತೆ ಎಣಿಸಿದರು. ಅದೇ ಮೂರು, ಅದೇ ನಾಲ್ಕು. ತಬಲದವನ ಬಾಯಲ್ಲಿ ಅದು ತಕಿಟ ತಕಧಿಮಿ, ಅಷ್ಟೇ ವ್ಯತ್ಯಾಸ.

"ಕಾಕತಾಳೀಯ," ಎಂದರು. ಹಾಳೆಯನ್ನು ಮಾತ್ರ ಮಡಿಸಿ ಜೇಬಿಗಿಟ್ಟುಕೊಂಡರು.

ಕಾಕತಾಳೀಯವೋ ಏನೋ, ಟ್ಯೂನಿಗೆ ಬರೆಯುವವರ ಕಷ್ಟವನ್ನು ಒಮ್ಮೆ ಯೋಚಿಸಿ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ತಾನಾನ ತಾನಾನ ಎನ್ನುತ್ತಾರೆ. ಆ ತಾನಾನಕ್ಕೆ ತೂಗಿ ಪದ ಹಾಕಬೇಕು. ಅದಕ್ಕೇ ನೋಡಿ, ನಮ್ಮ ಹಾಡುಗಳಲ್ಲಿ ಮನಸ್ಸು ಎಂಬುದು ಒಂದೇ ಅಳತೆಯಲ್ಲಿ ಇರುವುದಿಲ್ಲ. ಮನಸ್ಸು ಎಂದರೆ ನಾಲ್ಕು ಮಾತ್ರೆ, ಮನಸು ಎಂದರೆ ಮೂರು, ಮನ ಎಂದರೆ ಎರಡು. ಮೂರರ ಮನಸಿಗೆ ಮೂರರ ಕನಸು ಪಕ್ಕದಲ್ಲೇ ಕಾದಿರುತ್ತದೆ. ಹೃದಯ ಉದ್ದವಾಯಿತೆಂದರೆ ಎದೆ. ಅರ್ಥ ಒಂದೇ ತಾನೆ ಎನ್ನಬೇಡಿ, ಹೃದಯ ಒಡೆಯುತ್ತದೆ, ಎದೆ ಉರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಡಾಕ್ಟರು. ಇವೆಲ್ಲ ಆದಮೇಲೆ ಗಾಯಕರು ಉಸಿರು ತೆಗೆದುಕೊಳ್ಳಲು ಒಂದು ಸಂದು ಬೇಕು, ಮೇಲಿನ ಷಡ್ಜ ಹಿಡಿದು ನಿಲ್ಲುವ ಕಡೆ ಒಂದು ದೀರ್ಘ ಸ್ವರ ಬೇಕು. ಅಲ್ಲಿ ಒತ್ತಕ್ಷರವೊಂದು ಬಂದು ಕೂತರೆ ಗಂಟಲು ಹಿಡಿದಂತಾಗುತ್ತದೆ. 'ಆ' ಕಾರ ಇಟ್ಟ ಕವಿಗೆ ಗಾಯಕ ಮನಸ್ಸಿನಲ್ಲೇ ಕೈಮುಗಿಯುತ್ತಾನೆ. ಕಾಗದದ ಮೇಲೆ ಓದುವವರಿಗೆ ಈ ಜಾಣ್ಮೆ ಕಾಣುವುದೇ ಇಲ್ಲ. ಕಂಡರೂ ಅದಕ್ಕೆ ಅಂಕ ಯಾರು ಕೊಡುತ್ತಾರೆ?

ಪ್ರಾಸದ ವಿಷಯದಲ್ಲಿ ಮಾತ್ರ ನಾನು ಮೇಷ್ಟ್ರ ಪಕ್ಷ. ಹಳಗನ್ನಡದವರು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ಪಂಪ ರನ್ನರಿಂದ ಹಿಡಿದು ಎಲ್ಲರೂ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದಾಗ ಪಂಡಿತರಿಗೆ ಇರುಸುಮುರುಸಾಯಿತು. ಎರಡನೆಯ ಅಕ್ಷರದ ಪ್ರಾಸ ಯಾಕೆ ಬೇಕಿತ್ತು ಎಂದರೆ, ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಅಗ್ಗ ಎಂಬುದು ಒಂದು ಕಾರಣವಿರಬಹುದು ಎಂದು ನನ್ನ ಗುಮಾನಿ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬಂದಿದೆ, ನಿಂತಿದೆ, ಕಾದಿದೆ, ಸೋತಿದೆ. ಕೈ ಬೀಸಿದರೆ ಪ್ರಾಸ. ನೀವು ಸಂತೆಯ ಲೆಕ್ಕ ಬರೆದರೂ ಪ್ರಾಸ ಬರುತ್ತದೆ. ಇನ್ನು ಕಣ್ಣು, ಹೆಣ್ಣು, ಹಣ್ಣು, ಮಣ್ಣು ಇವು ನಾಲ್ಕೂ ಒಂದೇ ಮನೆಯಲ್ಲಿ ಹುಟ್ಟಿರದಿದ್ದರೆ ನಮ್ಮ ಚಿತ್ರಗೀತೆಗಳ ಗತಿ ಏನಾಗುತ್ತಿತ್ತೋ! ಪ್ರೀತಿಗೆ ರೀತಿ ಸಿಕ್ಕಿತು, ನೀತಿ ಸಿಕ್ಕಿತು. ಪ್ರೇಮಕ್ಕೆ ಕ್ಷೇಮ ಬಿಟ್ಟರೆ ಬೇರೆ ಗತಿಯಿಲ್ಲ. ಪ್ರೇಮಿಗಳಿಗೆ ಕ್ಷೇಮ ಎಲ್ಲಿಂದ ಬರಬೇಕು, ಅದಕ್ಕೇ ಆ ಪ್ರಾಸ ಅಷ್ಟು ಓಡಲಿಲ್ಲ.

ಇರಲಿ. ಈ ಅಗ್ಗದ ಸಾಮಾನಿನಲ್ಲೇ ಚಿನ್ನದ ಕೆಲಸ ಮಾಡಿದವರೂ ಇದ್ದರಲ್ಲ. ಚಿ. ಉದಯಶಂಕರ್ ಅವರನ್ನೇ ತೆಗೆದುಕೊಳ್ಳಿ. ತಂದೆ ಚಿ. ಸದಾಶಿವಯ್ಯ, ಅವರೂ ಸಿನಿಮಾಕ್ಕೆ ಬರೆದವರು. ಮಗ ಸಾವಿರಗಟ್ಟಲೆ ಹಾಡು ಬರೆದರು. ಅವರ ಹಾಡು ಕೇಳಿ ನಿಘಂಟು ಹುಡುಕಿದವರನ್ನು ನಾನು ನೋಡಿಲ್ಲ. ಅಡಿಗೆಮನೆಯಲ್ಲಿ ಆಡುವ ಮಾತು, ಬಸ್‌ಸ್ಟ್ಯಾಂಡಿನಲ್ಲಿ ಆಡುವ ಮಾತು, ಅದನ್ನೇ ತುಸು ಬಾಗಿಸಿ ರಾಗಕ್ಕೆ ಕೂರಿಸುವುದು. "ಸರಳ, ಒಪ್ಪಿದೆ. ಒಳಗೇನಿದೆ?" ಎಂದು ಮೇಷ್ಟ್ರು ಕೇಳುತ್ತಾರೆ. ಒಳಗೆ ಏನೋ ಇರಲೇಬೇಕೆಂಬ ಹಟ ನಮ್ಮ ಪರೀಕ್ಷೆಯ ಪ್ರಶ್ನೆಪತ್ರಿಕೆಗಳದು. ಹತ್ತು ಅಂಕಕ್ಕೆ ಸ್ವಾರಸ್ಯ ವಿವರಿಸಿ ಎಂದು ಕೇಳಿದರೆ ಆ ಹಾಡುಗಳ ಬಗ್ಗೆ ಎರಡು ಸಾಲೂ ಬರೆಯಲಾಗದು, ನಿಜ. ಆದರೆ ಎಪ್ಪತ್ತರ ದಶಕದಲ್ಲಿ ಮದುವೆಯಾದ ಯಾವ ಗಂಡನಾದರೂ ಹೆಂಡತಿಯ ಕೋಪ ಇಳಿಸಲು ತನ್ನ ಸ್ವಂತ ಮಾತು ಬಳಸಿದ್ದರೆ ಮುಂದೆ ಬಂದು ಹೇಳಲಿ!

ಆ ಹಾಡುಗಳೆಲ್ಲ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ ಎಂಬುದು ಇನ್ನೊಂದು ಸೋಜಿಗ. ಹಾಡುವವರು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, ಆಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಯಾರ ಮನೆಮಾತೂ ಕನ್ನಡವಲ್ಲ. ಪಿ.ಬಿ. ಶ್ರೀನಿವಾಸ್ ಅಂತೂ ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದವರು. ಜೇಬಿನಲ್ಲಿ ಬಣ್ಣಬಣ್ಣದ ಪೆನ್ನು, ತಲೆಯ ಮೇಲೆ ಜರಿಯ ಟೋಪಿ. ಕಾಗದದ ಮೇಲೆ ತೆಲುಗಕ್ಷರದಲ್ಲಿ ಬರೆದುಕೊಂಡ ಕನ್ನಡ ಗಾಯಕರ ಬಾಯಿಂದ ಹೊರಬರುವಾಗ ನಮ್ಮ 'ಳ'ಕಾರ ಇನ್ನಷ್ಟು ದುಂಡಗಾಗಿ ಬರುತ್ತಿತ್ತು. ಹಕಾರ ನುಂಗುವ ನಾವು ಅದನ್ನು ಕೇಳಿ ಉಚ್ಚಾರ ತಿದ್ದಿಕೊಂಡೆವು. ಕನ್ನಡ ಮೇಷ್ಟ್ರುಗಳು ಇದಕ್ಕಾದರೂ ಸಿನಿಮಾಕ್ಕೆ ಒಂದು ನಮಸ್ಕಾರ ಹಾಕಬಹುದಿತ್ತು.

ಇನ್ನು ರಾಗ ಮಾತನ್ನು ಬಿಟ್ಟು ಒಂಟಿಯಾಗಿ ಊರೂರು ಸುತ್ತಿದ ಕತೆಯೂ ಇದೆ. 1983ರಲ್ಲಿ ಮಣಿರತ್ನಂ ತಮ್ಮ ಮೊದಲ ಸಿನಿಮಾ ಮಾಡಿದ್ದು ಕನ್ನಡದಲ್ಲಿ, 'ಪಲ್ಲವಿ ಅನುಪಲ್ಲವಿ'. ಇಳಯರಾಜ ಸಂಗೀತ, ಆರ್.ಎನ್. ಜಯಗೋಪಾಲ್ ಹಾಡು. ಎಷ್ಟೋ ವರ್ಷಗಳ ನಂತರ ಆ ರಾಗವನ್ನು ಒಂದು ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿತು. ದೇಶಕ್ಕೆ ದೇಶವೇ ಗುನುಗಿತು. ದೆಹಲಿಯವರಿಗೆ ಅದು ಫೋನಿನ ಸದ್ದು. ನಮಗೆ ಮಾತ್ರ ಆ ಖಾಲಿ ಸ್ವರಗಳ ಒಳಗೆ ಜಯಗೋಪಾಲರ ಪದಗಳು ತಾವಾಗಿಯೇ ಬಂದು ಕೂರುತ್ತಿದ್ದವು. ಪದ ಕಳಚಿದ ರಾಗವನ್ನೂ ಓದಲು ನಮಗೆ ಬರುವುದಿಲ್ಲ ಅಂದಹಾಗಾಯಿತು. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರ ಮನೆಯಲ್ಲಿ ಆ ಕಂಪನಿಯ ಸಿಮ್ಮು ಇರಲಿಲ್ಲವಂತೆ.

ಕವಿತೆಯೇ ಸಿನಿಮಾಕ್ಕೆ ಹೋದರೆ? ಇಲ್ಲಿಗೆ ಬಂದರೆ ಮೇಷ್ಟ್ರು ಕುರ್ಚಿಯ ತುದಿಗೆ ಬರುತ್ತಾರೆ. ಪುಟ್ಟಣ್ಣ ಕಣಗಾಲ್ 1967ರ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ 'ಬೆಳಗು' ಕವಿತೆ ಹಾಡಿಸಿದರು, ವಿಜಯಭಾಸ್ಕರ್ ರಾಗ, ಜಾನಕಿ ದನಿ. 'ಬೆಳಗು' ಪಠ್ಯದಲ್ಲಿದ್ದಾಗ ಅದನ್ನು ಕಂಠಪಾಠ ಮಾಡಿಸಲು ಮೇಷ್ಟ್ರು ಬೆತ್ತ ಹಿಡಿಯಬೇಕಾಗಿತ್ತು, ಸಿನಿಮಾ ಬಂದಮೇಲೆ ಬೆತ್ತಕ್ಕೆ ಕೆಲಸವಿಲ್ಲದಾಯಿತು. ಇದನ್ನು ಅವರೇ ಹೇಳಿದ್ದು, ಸ್ವಲ್ಪ ಬೇಸರದಿಂದಲೇ.

ಕೆ.ಎಸ್. ನರಸಿಂಹಸ್ವಾಮಿಯವರದು ಇನ್ನೂ ಚೆಂದ. 'ಮೈಸೂರು ಮಲ್ಲಿಗೆ' ಪುಸ್ತಕ ಬಂದದ್ದು 1942ರಲ್ಲಿ. ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟು ಕೊಟ್ಟು ಜನ ಅದಕ್ಕೆ ಮರುಮುದ್ರಣದ ಮೇಲೆ ಮರುಮುದ್ರಣ ಮಾಡಿಸಿದರು. ಅರ್ಧ ಶತಮಾನ ಕಳೆದಮೇಲೆ ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು, ಅಶ್ವತ್ಥ್ ಸಂಗೀತ. 1991ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರಗೀತೆ ರಚನಕಾರ ಯಾರು? ಕೆ.ಎಸ್.ನ! ಎಪ್ಪತ್ತೈದು ದಾಟಿದ ಕವಿಗೆ, ಹರೆಯದಲ್ಲಿ ಯಾವ ಟ್ಯೂನೂ ಇಲ್ಲದೆ ಬರೆದ ಕವಿತೆಗೆ, ಸಿನಿಮಾ ಸಾಹಿತಿ ಎಂದು ಬಹುಮಾನ. ಈಗ ಹೇಳಿ, ಆ ಪದ್ಯಗಳು ಕವಿತೆಯೋ ಚಿತ್ರಗೀತೆಯೋ? ಮೇಷ್ಟ್ರು, "ಕವಿತೆ, ಸಿನಿಮಾಕ್ಕೆ ಕಡ ಕೊಟ್ಟಿದ್ದು" ಎನ್ನುತ್ತಾರೆ. ಕಡ ಕೊಟ್ಟದ್ದು ವಾಪಸು ಬಂದಿಲ್ಲ, ನೋಡಿ.

ಎಲ್ಲಕ್ಕಿಂತ ವಿಚಿತ್ರ ಗೋಪಾಲಕೃಷ್ಣ ಅಡಿಗರದು. ಹಾಡಿನ ಗುಂಗು ಸಾಕು, ಕನ್ನಡ ಕವಿತೆ ಮಾತಿನ ಕಸುವಿನಲ್ಲಿ ನಿಲ್ಲಬೇಕು ಎಂದು ದಾರಿ ಬದಲಿಸಿದವರು ಅವರು. 1954ರ 'ಚಂಡೆಮದ್ದಳೆ', 1959ರ 'ಭೂಮಿಗೀತ' ಎರಡರ ಹೆಸರಿನಲ್ಲೂ ವಾದ್ಯ, ಗೀತ ಇದ್ದರೂ ಅವನ್ನು ಹಾರ್ಮೋನಿಯಂ ಮುಂದೆ ಹಾಡಲು ಯಾರೂ ಧೈರ್ಯ ಮಾಡುವಂತಿರಲಿಲ್ಲ. ಅಂಥ ಅಡಿಗರು ನವ್ಯಕ್ಕೆ ಹೊರಳುವ ಮುಂಚೆ ಬರೆದ, ತೊಟ್ಟಿಲಂತೆ ತೂಗುವ ಒಂದು ಹಳೆಯ ಕವಿತೆ 1997ರಲ್ಲಿ 'ಅಮೆರಿಕಾ ಅಮೆರಿಕಾ' ಸಿನಿಮಾದಲ್ಲಿ ಬಂತು. ನಾಗತಿಹಳ್ಳಿ ಚಂದ್ರಶೇಖರ್ ಸಿನಿಮಾ, ಮನೋಮೂರ್ತಿ ಸಂಗೀತ. ಅಡಿಗರು ಅದನ್ನು ಕೇಳಲು ಇರಲಿಲ್ಲ, 1992ರಲ್ಲೇ ತೀರಿಕೊಂಡಿದ್ದರು. ಇವತ್ತು ಆಟೋದಲ್ಲಿ, ಕ್ಯಾಲಿಫೋರ್ನಿಯಾದ ಕನ್ನಡ ಕೂಟದಲ್ಲಿ, ಕಾಲೇಜು ಬೀಳ್ಕೊಡುಗೆಯಲ್ಲಿ ಅಡಿಗರೆಂದರೆ ಆ ಹಾಡು. ಹಾಡನ್ನು ಬಿಟ್ಟು ಬಂದ ಕವಿಯನ್ನು ಹಾಡು ಹಿಂದೆ ಬಂದು ಹಿಡಿಯಿತು. ಇದರಲ್ಲಿ ಅನ್ಯಾಯವೂ ಇದೆ ಅನ್ನಿ; 'ಭೂಮಿಗೀತ'ವನ್ನು ತೆರೆಯುವವರು ಇಲ್ಲವಾದರು.

ರಾಗ ಕವಿತೆಯಿಂದ ಕಿತ್ತುಕೊಳ್ಳುವುದೂ ಉಂಟು, ಅದನ್ನು ಮುಚ್ಚಿಡಬಾರದು. ಕಾಳಿಂಗರಾಯರು ಮೋಹನಕುಮಾರಿ ಸೋಹನಕುಮಾರಿಯರ ಜೊತೆ ಹಾಡುತ್ತಿದ್ದ ಕಾಲದಿಂದ ಹಿಡಿದು 1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬರುವವರೆಗೆ, ಅಲ್ಲಿಂದ ಇಲ್ಲಿಯವರೆಗೆ, ಕವಿತೆ ಹಾಡಾದಾಗಲೆಲ್ಲ ಕೆಲವು ನುಡಿ ಬಿಟ್ಟುಹೋಗುತ್ತವೆ. ಕವಿ ಒಮ್ಮೆಯೇ ಹೇಳಿ ಮುಂದೆ ಹೋದ ಮಾತನ್ನು ಪಲ್ಲವಿ ಮಾಡಿ ಐದಾರು ಸಲ ಹೇಳಿಸುತ್ತಾರೆ. ನಮ್ಮ ನಾಡಗೀತೆಯ ಫಜೀತಿ ಗೊತ್ತಲ್ಲ? ಕುವೆಂಪು ಕವಿತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆ ಮಾಡಿತು. ಮಾತು ಯಾವುದು ಎಂಬುದು ಇತ್ಯರ್ಥವಾಯಿತು. ರಾಗ ಯಾವುದು? ಮೈಸೂರು ಅನಂತಸ್ವಾಮಿಯವರದೋ ಅಶ್ವತ್ಥರದೋ? ಸಮಿತಿ, ಸಭೆ, ಚರ್ಚೆ. 2022ರಲ್ಲಿ ಅನಂತಸ್ವಾಮಿಯವರ ರಾಗ, ಎರಡೂವರೆ ನಿಮಿಷ, ಎಂದು ತೀರ್ಮಾನ ಬಂತು. ಅದೂ ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕವಿತೆಯ ಅರ್ಥದ ಬಗ್ಗೆ ಕೋರ್ಟಿಗೆ ಹೋಗಿ ಜಗಳವಾಡುವಷ್ಟು ಉತ್ಸಾಹ ನಮಗೆ ಯಾವತ್ತಾದರೂ ಬಂದಿದೆಯೇ? ಈ ಕತೆ ಹೇಳುವಾಗ ಮೇಷ್ಟ್ರು ಬಹಳ ಸಂತೋಷದಲ್ಲಿರುತ್ತಾರೆ.

2016ರ ಅಕ್ಟೋಬರಿನಲ್ಲಿ ಮಾತ್ರ ಅವರು ಒಂದೆರಡು ದಿನ ಜಗಲಿಗೇ ಬರಲಿಲ್ಲ. ಸಾಹಿತ್ಯದ ನೊಬೆಲ್ ಬಾಬ್ ಡಿಲನ್‌ಗೆ, ಗಿಟಾರ್ ಹಿಡಿದು ಹಾಡುವವನಿಗೆ! ನಾನು ಗೆದ್ದೆನೆಂದು ಬೀಗುತ್ತಾ ಹೋದೆ. ಅಷ್ಟರಲ್ಲಿ ಅವರಿಗೆ ಠಾಗೋರರ ನೆನಪಾಗಿತ್ತು. 1913ರಲ್ಲಿ ನೊಬೆಲ್ ಪಡೆದ ಠಾಗೋರರೂ ಹಾಡು ಕಟ್ಟಿದವರೇ, ಎರಡು ಸಾವಿರಕ್ಕೂ ಮೀರಿ. "ಆದರೆ ಅವರಿಗೆ ಬಹುಮಾನ ಬಂದಿದ್ದು ಇಂಗ್ಲಿಷ್ ಗದ್ಯದಲ್ಲಿ ಓದಿದ ಮೇಲೆ, ತಿಳ್ಕೋ. ರಾಗ ಕಳಚಿಯೂ ನಿಂತಿತು!" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ಡಿಲನ್ ನೊಬೆಲ್ ಭಾಷಣ ಕಳಿಸಿದಾಗ ಇನ್ನೂ ಮಜಾ. ಹಾಡುಗಳು ಸಾಹಿತ್ಯದಂತಲ್ಲ, ಅವು ಇರುವುದು ಹಾಡಲಿಕ್ಕೇ ಹೊರತು ಓದಲಿಕ್ಕಲ್ಲ ಎಂಬ ಅರ್ಥದ ಮಾತನ್ನು ಆತನೇ ಹೇಳಿಬಿಟ್ಟ. ಬಹುಮಾನ ನನ್ನ ಪಕ್ಷಕ್ಕೆ, ಭಾಷಣ ಮೇಷ್ಟ್ರ ಪಕ್ಷಕ್ಕೆ.

ಠಾಗೋರರ ಮಾತು ಬಂತಲ್ಲ, ಅವರು ನಮ್ಮ ಕಾರವಾರದಲ್ಲಿ ಇದ್ದವರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು, ತಮ್ಮ ಇಪ್ಪತ್ತು ದಾಟಿದ ಹುಡುಗ. ಆ ಕಡಲ ಬದಿಯಲ್ಲಿ ಒಂದು ನಾಟಕವನ್ನೇ ಬರೆದರು. ಅಲ್ಲಿಂದ ಕೆಳಗಿಳಿದು ಬಂದರೆ ಗೋಕರ್ಣ, ಜಯಂತ ಕಾಯ್ಕಿಣಿಯವರ ಊರು. ಆ ಕರಾವಳಿಯ ಗಾಳಿಯಲ್ಲೇ ಏನೋ ಇರಬೇಕು. ಕಾಯ್ಕಿಣಿ ಮೂಲತಃ ಕತೆಗಾರರು, ಕವಿ. 2006ರಲ್ಲಿ 'ಮುಂಗಾರು ಮಳೆ' ಬಂದು ಊರಿಗೆ ಊರೇ ನೆನೆದಾಗ, ಅವರ ಕತೆ ಓದಿದ್ದವರಿಗೆ ಹಾಡಿನೊಳಗೂ ಕತೆಗಾರನ ಕಣ್ಣು ಕಂಡಿತು. ಹೆಣ್ಣನ್ನು ಚಂದ್ರನಿಗೆ ಹೋಲಿಸಿ ಸಂಬಳ ತೆಗೆದುಕೊಳ್ಳುವವರ ನಡುವೆ ಅವರು ಪುಟ್ಟ ಪುಟ್ಟ ಸಂಕೋಚಗಳನ್ನು, ಹೇಳದೆ ಉಳಿದದ್ದನ್ನು ಹಾಡಿಗೆ ತಂದರು. ಆಮೇಲೆ ಎಲ್ಲರೂ ಅದನ್ನೇ ತರಲು ಹೋಗಿ ಊರು ತುಂಬ ಸಂಕೋಚ ತುಂಬಿತು, ಅದು ಬೇರೆ ಮಾತು.

ಅದಕ್ಕೂ ಮೊದಲು 1987ರಲ್ಲಿ 'ಪ್ರೇಮಲೋಕ' ಬಂದಾಗ ಮೇಷ್ಟ್ರು ಕ್ಲಾಸಿನಲ್ಲಿ ಹಂಸಲೇಖರ ವಿರುದ್ಧ ಒಂದು ಪೀರಿಯಡ್ಡು ಪೂರ್ತಿ ಮಾತಾಡಿದ್ದರಂತೆ. ಹುಡುಗ ಹುಡುಗಿ ಬೀದಿಯಲ್ಲಿ ಆಡುವ ಮಾತು, ನಡುನಡುವೆ ಇಂಗ್ಲಿಷು, ಅದೂ ಹಾಡೇ? ಆದರೆ ಹಂಸಲೇಖರಿಗೆ ಒಂದು ಅನುಕೂಲ ಇತ್ತು, ಪದವೂ ಅವರದೇ ರಾಗವೂ ಅವರದೇ. ಪದ ಹಿಡಿಸದಿದ್ದರೆ ರಾಗವನ್ನು ಹಿಗ್ಗಿಸಬಹುದು, ರಾಗ ಹಿಡಿಸದಿದ್ದರೆ ಪದವನ್ನು ಕುಗ್ಗಿಸಬಹುದು, ಪಕ್ಕದಲ್ಲಿ ಕೂತು ಮೂಗುಮುರಿಯುವವರಿಲ್ಲ. ಹರಿದಾಸರಿಗೆ ಇದ್ದ ಅನುಕೂಲವೂ ಇದೇ ಅಲ್ಲವೇ ಎಂದು ಕೇಳಿದರೆ ಮೇಷ್ಟ್ರು ಕಾಫಿ ಲೋಟ ಕೆಳಗಿಡುತ್ತಾರೆ. ಹೆಚ್ಚು ಎಳೆಯಬಾರದು ಎಂಬುದರ ಸೂಚನೆ ಅದು.

ಇಷ್ಟು ಹೊತ್ತು ಒಳಗೆ ಹುರುಳಿಕಾಯಿ ನಾರು ತೆಗೆಯುತ್ತಿರುವ ಮೇಷ್ಟ್ರ ಮನೆಯವರ ವಿಷಯ ಹೇಳದಿದ್ದರೆ ತಪ್ಪಾದೀತು. ನಾವು ಅವರನ್ನು ಅಮ್ಮ ಎಂದೇ ಕರೆಯುವುದು. ಅಮ್ಮನಿಗೆ ಬಾರದ ಹಾಡಿಲ್ಲ. ಮಾತು ಮರೆತರೆ ಲಲಲಾ ಎಂದು ತುಂಬಿಸಿ, ತಾಳ ತಪ್ಪದೆ ಮುಂದೆ ಹೋಗುತ್ತಾರೆ. ಡಿಲನ್ ಪರವಾಗಿ ಸ್ಟಾಕ್‌ಹೋಮಿನಲ್ಲಿ ಪ್ಯಾಟಿ ಸ್ಮಿತ್ ಹಾಡುವಾಗ ಮಾತು ಮರೆತು ನಿಂತು, ಕ್ಷಮೆ ಕೇಳಿ ಮತ್ತೆ ಶುರುಮಾಡಿದರಲ್ಲ, ಅಮ್ಮನಾಗಿದ್ದರೆ ಸ್ವೀಡನ್ನಿನ ರಾಜನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಮ್ಮನ ನಿಜವಾದ ಹೆಗ್ಗಳಿಕೆ ಬೇರೆ. ಅವರಿಗೆ ಎರಡನೆಯ ಚರಣ ಬರುತ್ತದೆ!

ಎರಡನೆಯ ಚರಣ ನಿಮಗೆ ಬರುತ್ತದೆಯೇ? ಎದೆ ಮುಟ್ಟಿಕೊಂಡು ಹೇಳಿ. ಪಲ್ಲವಿ ಇಡೀ ನಾಡಿಗೆ ಗೊತ್ತು. ಮೊದಲ ಚರಣ ಆರ್ಕೆಸ್ಟ್ರಾದವರಿಗೆ ಗೊತ್ತು. ಎರಡನೆಯದರ ಹೊತ್ತಿಗೆ ಥಿಯೇಟರಿನಲ್ಲಿ ಅರ್ಧ ಜನ ಬೀಡಿ ಸೇದಲು ಹೊರಗೆ ಹೋಗಿರುತ್ತಾರೆ. ನಾಯಕಿ ಸೀರೆ ಬದಲಿಸಿ ಬಂದಿರುತ್ತಾಳೆ, ನೋಡುವವರ ಗಮನ ಅಲ್ಲಿ. ರೇಡಿಯೋದವರಂತೂ ಜಾಹೀರಾತಿಗೆ ಹೊತ್ತಾಯಿತೆಂದು ಕತ್ತರಿಸಿಯೇ ಬಿಡುತ್ತಾರೆ. ಹಾಡು ಬರೆದವರು ಮನಸ್ಸಿಟ್ಟು, ಯಾರ ಹಂಗೂ ಇಲ್ಲದೆ, ತಮ್ಮ ಸಮಾಧಾನಕ್ಕಾಗಿ ಒಂದೆರಡು ಸಾಲು ಬರೆದುಕೊಂಡಿದ್ದರೆ ಅದು ಅಲ್ಲೇ ಇರುತ್ತದೆ ಎಂದು ನನ್ನ ದೃಢ ನಂಬಿಕೆ. ಅಮ್ಮ ಹುರುಳಿಕಾಯಿಯ ತುದಿ ಮುರಿದು ನಾರೆಳೆಯುತ್ತ ಒಂದು ಹಾಡಿನ ಎರಡನೆಯ ಚರಣ ಹೇಳಿದಾಗ ಮೇಷ್ಟ್ರು ಒಮ್ಮೆ ಮಾತು ನಿಲ್ಲಿಸಿ ಕೇಳಿದರು. "ಇದ್ಯಾರದೇ ಕವಿತೆ?" ಎಂದರು. ಯಾವುದೋ ಮರೆತುಹೋದ ಸಿನಿಮಾದ್ದೆಂದು ಗೊತ್ತಾಗಿ, "ಉಪಮೆ ಪರವಾಗಿಲ್ಲ" ಎಂದು ಪೇಪರ್ ಎತ್ತಿಕೊಂಡರು.

ಕಳೆದ ವೈಶಾಖದಲ್ಲಿ ಬೀದಿಯವರೆಲ್ಲ ಬಸ್ಸು ಮಾಡಿಕೊಂಡು ಮದುವೆಯೊಂದಕ್ಕೆ ಹೋದೆವು. ಬಸ್ಸು ಹೊರಟ ಮೇಲೆ ಅಂತ್ಯಾಕ್ಷರಿ ಇಲ್ಲದೆ ಇರುತ್ತದೆಯೇ? ಗಂಡಸರದೊಂದು ಪಕ್ಷ, ಹೆಂಗಸರದೊಂದು ಪಕ್ಷ. ನ್ಯಾಯಾಧೀಶರು ಮೇಷ್ಟ್ರು, ಬೇರೆ ಯಾರು? ಶುರುವಿನಲ್ಲೇ ತಕರಾರು. ಹೆಂಗಸರು ಬೇಕೆಂದೇ ಳಕಾರದಲ್ಲಿ ನಿಲ್ಲಿಸಿದರು. ಳಕಾರದಿಂದ ಶುರುವಾಗುವ ಪದ ಕನ್ನಡದಲ್ಲಿ ಇಲ್ಲ, ಣಕಾರದಿಂದಲೂ ಇಲ್ಲ. ಮೇಷ್ಟ್ರು ವ್ಯಾಕರಣದ ಕೇಶಿರಾಜನನ್ನೇ ಬಸ್ಸು ಹತ್ತಿಸಿ, ಳಕಾರಕ್ಕೆ ಲಕಾರ, ಣಕಾರಕ್ಕೆ ನಕಾರ ಎಂದು ತೀರ್ಪು ಕೊಟ್ಟರು. ಲಕಾರಕ್ಕೆ ಮಾತ್ರ ಹಾಡು ಸಾಲುಸಾಲಾಗಿ ಇದೆಯೇ? ಗಂಡಸರು ಒಂದನ್ನು ಹೇಗೋ ಹೊರಡಿಸಿದರು. ಆಟ ಸಾಗಿತು. ಮದ್ದೂರು ದಾಟುವ ಹೊತ್ತಿಗೆ ಗಂಡಸರಿಗೆ ವಕಾರ ಬಂತು. ತಿಳಿದ ವಕಾರವೆಲ್ಲ ಮುಗಿದಿತ್ತು. ಅಮ್ಮ ಜೋರಾಗಿ ಹತ್ತು, ಒಂಬತ್ತು, ಎಂಟು ಎಂದು ಇಳಿಸುತ್ತ ಬಂದರು. ನ್ಯಾಯಾಧೀಶರಿಗೆ ತಡೆಯಲಾಗಲಿಲ್ಲ. ಕಂಬಿ ಹಿಡಿದು ಎದ್ದು ನಿಂತು, ಕುಮಾರವ್ಯಾಸನ ವಕಾರದ ಪದ್ಯವೊಂದನ್ನು ಒಳ್ಳೇ ಗಮಕದಲ್ಲಿ, ರಾಗವಾಗಿ, ಆರೂ ಸಾಲು ಹಾಡಿಯೇ ಬಿಟ್ಟರು.

"ನಡೆಯಲ್ಲ, ಇದು ಹಾಡಲ್ಲ" ಎಂದರು ಅಮ್ಮ.

"ಹಾಡಲ್ಲದೆ ಮತ್ತೇನೇ? ಈಗ ಹಾಡಲಿಲ್ವೇ ನಾನು?"

"ಯಾವ ಪಿಚ್ಚರ್‌ದು? ಹೇಳಿ."

ಡ್ರೈವರೂ ಕನ್ನಡಿಯಲ್ಲಿ ಮೇಷ್ಟ್ರನ್ನೇ ನೋಡುತ್ತಿದ್ದ. ಆ ಪಾಯಿಂಟು ಯಾರ ಲೆಕ್ಕಕ್ಕೆ ಹೋಗಬೇಕೆಂದು ಚನ್ನಪಟ್ಟಣದವರೆಗೂ ವಾದವಾಯಿತು. ಅಲ್ಲಿ ಬಸ್ಸು ಕಾಫಿಗೆ ನಿಂತಿತು.